ಪಿಕಪ್ಪಿನ ಎಡಗಡೆಯ ಜಾಗ

ಮೇ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ 11.20ಕ್ಕೆ ತಿತಿಮತಿ ಠಾಣೆಯ ಮೆಟ್ಟಿಲು ಹತ್ತಿ ಬಂದ ದೂರುದಾರನ ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮವಿತ್ತು, ಕೈಯಲ್ಲಿ ತೆಂಗಿನಕಾಯಿಯ ಹೋಳಿತ್ತು. ಮದುವೆಮನೆಯಿಂದ ತಪ್ಪಿಸಿಕೊಂಡು ಬಂದವನ ಹಾಗಿದ್ದ ಅವನು ಹೋಳನ್ನು ಎಲ್ಲಿಡಬೇಕೆಂದು ತಿಳಿಯದೆ ಹೆಡ್ ಕಾನ್‌ಸ್ಟೇಬಲ್ ತೀರ್ಥಪ್ರಸಾದರ ಮೇಜಿನ ಮೇಲಿಟ್ಟ.

“ಲಂಚ ಕೊಡೋದಾದ್ರೆ ಪೂರ್ತಿ ಕಾಯಿ ತರ್ಬೇಕು,” ಎಂದರು ತೀರ್ಥಪ್ರಸಾದ್.

“ಪ್ರಸಾದ ಸಾರ್. ಗಾಡಿ ಪೂಜೆ ಮಾಡಿದವರೇ ಕೈಗೆ ಕೊಟ್ರು. ನಾನು ಬಂದಿದ್ದು ಕಂಪ್ಲೇಂಟ್ ಕೊಡೋಕೆ.”

ಹೆಸರು ಶಿವಪ್ರಕಾಶ್. ಮೈಸೂರಿನ ವಾಹನ ಮಾರಾಟ ಕಂಪನಿಯೊಂದರಲ್ಲಿ ಡೆಲಿವರಿ ಸೂಪರ್‌ವೈಸರ್. ಕಾಡಂಚಿನ ಆದಿವಾಸಿ ಹಾಡಿಯ ಮಹಿಳಾ ಸಂಘ ಕೊಂಡ ಹೊಸ ಪಿಕಪ್ಪಿಗೆ ಜೋಡಿಸಬೇಕಿದ್ದ ಕಬ್ಬಿಣದ ಪೆಟ್ಟಿಗೆಯೊಂದು, ಊರಿಗೆ ಊರೇ ಸೇರಿದ್ದ ಜಾಗದಿಂದ, ಹಾಡಹಗಲೇ ಕಾಣೆಯಾಗಿತ್ತು.

ಒಳಕೋಣೆಯಲ್ಲಿ ಕುಳಿತಿದ್ದ ಸಬ್ ಇನ್‌ಸ್ಪೆಕ್ಟರ್ ಅಶ್ವಿತಾ ಪೆನ್ನಿನ ಮುಚ್ಚಳ ಹಾಕಿ ಹೊರಗೆ ಬಂದಳು. ಮೂರ್ನಾಡಿನ ಕಡೆಯವಳು, ಈ ಠಾಣೆಗೆ ಬಂದು ವರ್ಷವಾಗಿತ್ತು. ಮಾತು ಕಡಿಮೆ. ತರಬೇತಿಯಲ್ಲಿ ಅವಳಿಗೆ ಕಲಿಸಿದ್ದ ಪಾಠಗಳಲ್ಲಿ ಒಂದೇ ಒಂದು ಅವಳ ಸ್ವಭಾವಕ್ಕೆ ಸರಿಹೊಂದಿತ್ತು: ಪ್ರಶ್ನೆ ಕೇಳಿ, ಆಮೇಲೆ ಸುಮ್ಮನಿರಿ. ಎದುರಿನವರು ಆ ಮೌನವನ್ನು ತಡೆಯಲಾರದೆ ತಾವಾಗಿ ತುಂಬುತ್ತಾರೆ. ಶಿವಪ್ರಕಾಶ್ ಕೂಡ ತುಂಬಿದ, ಅಂಚಿನವರೆಗೆ.

“ಮೊದ್ಲೆಲ್ಲ ಫ್ಯಾಕ್ಟರಿಯಲ್ಲೇ ಎಲ್ಲ ಜೋಡಿಸಿ ಕಳಿಸ್ತಿದ್ರು ಮೇಡಂ. ಈಗ ಹೊಸ ಪದ್ಧತಿ. ಗಾಡಿ ಬರೋದು ಬೋಳಾಗಿ. ಹಿಂದಿನ ಡೋರು, ಪಕ್ಕದ ಕಂಬಿ, ಒಳಗಿನ ಸೀಟು, ಎಲ್ಲ ಗಿರಾಕಿ ಇಷ್ಟ. ಬಿಡಿಭಾಗಗಳನ್ನ ವ್ಯಾನಲ್ಲಿ ತಂದು ಅವರ ಮನೆ ಅಂಗಳದಲ್ಲೇ ಬೋಲ್ಟ್ ಹಾಕಿ ಕೊಡ್ತೀವಿ. ಇವರು ಡ್ರೈವರ್ ಪಕ್ಕದ ಜಾಗಕ್ಕೆ ಸೀಟಿನ ಬದಲು ಪೆಟ್ಟಿಗೆ ಆರಿಸಿದ್ರು.”

“ಫ್ಯಾಕ್ಟರಿಯಲ್ಲೇ ಜೋಡಿಸಿದ್ದಿದ್ರೆ ಕಳುವಾಗ್ತಿತ್ತಾ?” ಎಂದು ತೀರ್ಥಪ್ರಸಾದ್ ಕೇಳಿದರು.

“ಇಲ್ಲ ಸಾರ್. ಆದ್ರೆ ಬೇಡ ಅನ್ನಿಸಿದ್ರೆ ಬದಲಾಯಿಸೋಕೂ ಆಗ್ತಿರ್ಲಿಲ್ಲ.”

“ಪೆಟ್ಟಿಗೆ ಸಿಗದಿದ್ರೆ?” ಅಶ್ವಿತಾ ಕೇಳಿದಳು.

“ಸಂಜೆ ನಾಲ್ಕರೊಳಗೆ ಗಾಡಿ ಒಪ್ಪಿಸ್ಬೇಕು. ಅಲ್ಲೀವರೆಗೂ ಗಾಡಿ, ಪೆಟ್ಟಿಗೆ ಎರಡೂ ಕಂಪನಿ ಸೊತ್ತೇ. ಒಪ್ಪಿಸೋಕೆ ಆಗದಿದ್ರೆ ವಾಪಸ್ ಮೈಸೂರಿಗೆ ಒಯ್ಯಬೇಕಾಗುತ್ತೆ ಮೇಡಂ. ಇನ್ನೊಂದು ಪೆಟ್ಟಿಗೆ ತರಿಸೋಕೆ ವಾರದ ಮೇಲೆ ಬೇಕು. ಇವರದ್ದು ನಾಳೆ ಬೆಳಿಗ್ಗೆ ಮೊದಲ ಲೋಡ್ ಜೇನು ಮೈಸೂರಿಗೆ ಹೋಗ್ಬೇಕಂತೆ. ಒಬ್ಬಾಕೆ ನನ್ನ ಕಾಲರ್ ಹಿಡಿಯೋದೊಂದು ಬಾಕಿ.”

ಎಫ್‌ಐಆರ್ ಇಲ್ಲದೆ ತನ್ನ ಮ್ಯಾನೇಜರ್ ನಂಬುವುದಿಲ್ಲ ಎಂದು ಅವನು ಪಟ್ಟು ಹಿಡಿದ. ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರಡಿ ಕಳವು ಪ್ರಕರಣ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತರು’ ಎಂದು ಬರೆದು ತೀರ್ಥಪ್ರಸಾದ್ ಜೀಪಿನ ಕೀಲಿ ತೆಗೆದುಕೊಂಡರು. ತೆಂಗಿನಕಾಯಿಯನ್ನೂ ತೆಗೆದುಕೊಂಡರು.

ಹಾಡಿಯ ಸಮುದಾಯ ಭವನದ ಮುಂದಿನ ಬಯಲಿನಲ್ಲಿ ಬಿಳಿ ಪಿಕಪ್ ನಿಂತಿತ್ತು. ಮೂತಿಗೆ ಚೆಂಡು ಹೂವಿನ ಹಾರ, ಗಾಜಿನ ಮೇಲೆ ಅರಿಶಿನದ ಮೂರು ಗೆರೆ. ಕಳ್ಳತನ ನಡೆದ ಜಾಗದಲ್ಲಿ ಸಾಮಾನ್ಯವಾಗಿ ಇರುವ ಗುಸುಗುಸು ಇಲ್ಲಿರಲಿಲ್ಲ. ಭವನದ ಹಿಂದೆ ಪಾಯಸ ಕುದಿಯುತ್ತಿತ್ತು. ಮಕ್ಕಳು ಸರದಿಯ ಮೇಲೆ ಟಯರ್ ಮುಟ್ಟಿ ಬರುತ್ತಿದ್ದರು. ಪೊಲೀಸ್ ಜೀಪು ಕಂಡೊಡನೆ ಜನ ಇನ್ನೊಬ್ಬ ನೆಂಟ ಬಂದಂತೆ ದಾರಿ ಬಿಟ್ಟರು.

ಸಂಘದ ಕಾರ್ಯದರ್ಶಿ ಸುಮಿತಾ ಎದುರಿಗೆ ಬಂದಳು. ಮೂವತ್ತೈದರ ಹೆಂಗಸು, ಬೆಳಗಿನಿಂದ ಕೂಗಿ ಕೂಗಿ ಗಂಟಲು ಒಡೆದುಹೋಗಿತ್ತು.

“ಮೇಡಂ, ಆ ಗೋಣಿಕೊಪ್ಪದ ವ್ಯಾಪಾರಿಗೆ ಇಷ್ಟು ವರ್ಷ ಜೇನು ಕೊಟ್ಟು ಸಾಕಾಗಿ ಈ ಗಾಡಿ ತಗೊಂಡಿದ್ದು. ನಾಳೆ ಮೈಸೂರಿಗೆ ಹೋಗ್ದಿದ್ರೆ ಅವನು ಸೋಮವಾರ ಇಲ್ಲಿ ಬಂದು ನಗ್ತಾನೆ. ಆ ನಗು ನೋಡೋಕೆ ನನ್ನಿಂದಾಗಲ್ಲ.”

“ಯಾರ ಮೇಲಾದ್ರೂ ಅನುಮಾನ?”

“ಅವನ ಮೇಲೇ.”

“ಅವನು ಇವತ್ತು ಇಲ್ಲಿಗೆ ಬಂದಿದ್ನಾ?”

“ಇಲ್ಲ. ಆದ್ರೂ ಅವನ ಮೇಲೇ.”

ಪಂಚರಿಬ್ಬರನ್ನು ಕರೆದು 12.10ಕ್ಕೆ ಪಂಚನಾಮೆ ಶುರುವಾಯಿತು. ಪಿಕಪ್ಪಿನ ಎಡಬಾಗಿಲು ತೆರೆದೇ ಇತ್ತು. ಒಳಗೆ ಸ್ಟಿಯರಿಂಗ್ ಹಿಂದೆ ಡ್ರೈವರ್ ಸೀಟು. ಅದರ ಪಕ್ಕದಲ್ಲಿ ಬರಿ ತಗಡಿನ ನೆಲ, ನಾಲ್ಕು ಬೋಲ್ಟಿನ ತೂತು. ಬಾಗಿಲ ಕೆಳಗೆ ಹಾಸಿದ ನೀಲಿ ಟಾರ್ಪಾಲಿನ ಮೇಲೆ ಪೆಟ್ಟಿಗೆ ಕೂತಿದ್ದ ಚೌಕದ ಗುರುತು ಇನ್ನೂ ಅಳಿಸಿರಲಿಲ್ಲ. ಹಿಂದಿನ ಸಂಜೆ ಮಳೆ ಬಿದ್ದು ಮಣ್ಣು ಮೆತ್ತಗಿತ್ತು. ಆದರೆ ಎಳೆದುಕೊಂಡು ಹೋದ ಗೆರೆ ಎಲ್ಲೂ ಇಲ್ಲ. ಪಿಕಪ್ಪು, ಕಂಪನಿಯ ವ್ಯಾನು ಬಿಟ್ಟರೆ ಬೇರೆ ಗಾಡಿಯ ಚಕ್ರದ ಗುರುತೂ ಇಲ್ಲ.

ಫಿಟ್ಟರ್ ಆನಂದ್ ಸ್ಪಾನರ್ ಹಿಡಿದುಕೊಂಡೇ ಹೇಳಿಕೆ ಕೊಟ್ಟ.

“ಪಕ್ಕದ ಕಂಬಿ ಕೂರಿಸ್ದೆ. ಹಿಂದಿನ ಡೋರು ಕೂರಿಸ್ದೆ. ಪೆಟ್ಟಿಗೆ ವ್ಯಾನಿಂದ ಇಳಿಸಿ ಇಲ್ಲಿಟ್ಟೆ. ಅಷ್ಟರಲ್ಲಿ ಡೋರಿನ ಬಟ್ಟೆ ತೆಗೆಯೋ ಕಾರ್ಯಕ್ರಮ ಅಂತ ಎಲ್ರೂ ಹಿಂದಕ್ಕೆ ಹೋದ್ರು. ನಾನೂ ಹೋದೆ. ಬಂದು ನೋಡಿದ್ರೆ ಇಲ್ಲ.”

“ಎಷ್ಟು ಹೊತ್ತು?”

“ಒಂದು ಹಾಡು ಹೇಳಿದ್ರು, ಒಂದು ಭಾಷಣ. ಹಾಡು ಚಿಕ್ಕದು.”

“ಪೆಟ್ಟಿಗೆ ಒಬ್ಬರೇ ಎತ್ತಬಹುದಾ?”

“ಕಷ್ಟ ಮೇಡಂ. ನಾನು, ಸೂಪರ್‌ವೈಸರ್ ಇಬ್ಬರೂ ಹಿಡಿದೇ ಇಳಿಸಿದ್ದು.”

ಅಶ್ವಿತಾ ಪಿಕಪ್ಪಿನ ಹಿಂಬದಿಗೆ ನಡೆದಳು. ಹಿಂದಿನ ಡೋರಿನ ಉದ್ದಗಲಕ್ಕೂ ಒಬ್ಬ ಅಜ್ಜಿಯ ಬಣ್ಣದ ಚಿತ್ರ ಅಂಟಿಸಿದ್ದರು. ಬಿಸಿಲಿಗೆ ಕಿರಿದಾದ ಕಣ್ಣು, ಮೂಗಿನ ಎರಡೂ ಬದಿಗೆ ಮೂಗುತಿ, ತುಟಿಯ ಮೇಲೆ ಬರಲೋ ಬೇಡವೋ ಎನ್ನುವ ನಗು. ಸುತ್ತ ಕೆಂಪು ಗುಲಾಬಿ ಮತ್ತು ಮಲ್ಲಿಗೆಯ ಹಾರ, ಅದೂ ಚಿತ್ರದಲ್ಲೇ ಅಚ್ಚಾಗಿದ್ದು. ಮುಖ ಒಂದು ಮೊರದಷ್ಟು ದೊಡ್ಡದಿತ್ತು.

“ನಮ್ಮ ಸಂಘದ ಅಧ್ಯಕ್ಷೆ, ಚೋಮಜ್ಜಿ,” ಸುಮಿತಾಳ ದನಿ ಮೆತ್ತಗಾಯಿತು. “ಇವರೇ ನಮ್ಮನ್ನೆಲ್ಲ ಸೇರಿಸಿದ್ದು. ಅಜ್ಜಿಗೆ ಹೇಳ್ದೆ ಮಾಡಿಸಿದ್ದು. ಬಟ್ಟೆ ತೆಗೆದಾಗ ಎಲ್ರೂ ಎಷ್ಟು ಚಪ್ಪಾಳೆ ತಟ್ಟಿದ್ರು ಗೊತ್ತುಂಟಾ?”

ತೀರ್ಥಪ್ರಸಾದ್ ಟೋಪಿ ಸರಿಸಿಕೊಂಡು ಚಿತ್ರಕ್ಕೆ ಕೈಮುಗಿದರು. ಆಮೇಲೆ ಸಂದೇಹ ಬಂದು, “ಇದ್ದಾರಲ್ಲ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ಅಯ್ಯೋ, ಇದ್ದಾರೆ ಸಾರ್. ಬೆಳಿಗ್ಗೆ ಕಾಯಿ ಒಡೆದದ್ದೇ ಅವರು.”

ಒಬ್ಬೊಬ್ಬರ ವಿಚಾರಣೆಗೆ ಭವನದ ಜಗಲಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಲಾಯಿತು. ಮೊದಲು ಬಂದವಳು ಯಮುನಾ. ಸುಮಿತಾಳ ತಂಗಿ, ಪಿಕಪ್ಪಿಗೆ ಡ್ರೈವರ್ ಆಗುವವಳು. ಎಸ್ಟೇಟಿನಲ್ಲಿ ಮೂರು ವರ್ಷ ಟ್ರ್ಯಾಕ್ಟರ್ ಓಡಿಸಿದ್ದಳು.

“ನೀನು ಎಲ್ಲಿದ್ದೆ?”

“ಡೋರಿನ ಹತ್ರ. ಬಟ್ಟೆ ಎಳೆದವಳೇ ನಾನು.”

“ಪೆಟ್ಟಿಗೆ ಬೇಕು ಅಂದದ್ದು ಯಾರು?”

“ಮೀಟಿಂಗಲ್ಲಿ ಎಲ್ರೂ. ಜೇನಿನ ಸೀಸೆ ಒಡೆಯೋದಿಲ್ಲ, ಬೀಗ ಹಾಕ್ಬಹುದು ಅಂತ. ನನ್ನನ್ನ ಯಾರು ಕೇಳ್ತಾರೆ? ಮೈಸೂರಿಗೆ ಹೋಗಿ ಬರೋವರೆಗೆ ನಾನು ಆ ಪೆಟ್ಟಿಗೆ ಜೊತೆ ಮಾತಾಡ್ಕೊಂಡು ಹೋಗ್ಬೇಕು.” ಅವಳು ನಕ್ಕಳು. “ಹಾಗಂತ ನಾನು ಕದ್ದಿಲ್ಲ ಮೇಡಂ. ಕದಿಯೋದಾದ್ರೆ ಗಾಡೀನೇ ಒಯ್ತಿದ್ದೆ.”

ಆಮೇಲೆ ಮಲ್ಲ ಬಂದ. ಚೋಮಜ್ಜಿಯ ತಮ್ಮ, ಅರವತ್ತು ದಾಟಿದ ಒಣಕಲು ದೇಹ. ಮಂಡಿನೋವೆಂದು ಅವನು ಹಿಂದಕ್ಕೆ ಹೋಗದೆ ಪಿಕಪ್ಪಿನ ಮುಂದಿನ ಕಲ್ಲಿನ ಮೇಲೇ ಬೀಡಿ ಸೇದುತ್ತ ಕುಳಿತಿದ್ದನೆಂದು ಇಬ್ಬರು ಹೇಳಿದ್ದರು. ತೀರ್ಥಪ್ರಸಾದರ ಕಣ್ಣು ಹೊಳೆಯಿತು.

“ಪೆಟ್ಟಿಗೆ ಪಕ್ಕದಲ್ಲೇ ಕೂತಿದ್ಯಲ್ಲ ಮಾರಾಯ. ಕಳ್ಳನ್ನ ನೋಡಿದ್ಯಾ?”

“ಇಲ್ಲ.”

“ಹೊರಗಿನವರು ಯಾರಾದ್ರೂ ಬಂದ್ರಾ?”

“ಇಲ್ಲ.”

“ಕಣ್ಣು ಸರಿಯಾಗಿ ಕಾಣ್ತದಾ?”

“ನಿಮ್ಮ ಮೀಸೆಲಿ ಕಾಯಿಚೂರು ಉಂಟು. ಕಾಣ್ತದೆ.”

ತೀರ್ಥಪ್ರಸಾದ್ ಮೀಸೆ ಒರೆಸಿಕೊಂಡರು. ಹೇಳಿಕೆ ಅಲ್ಲಿಗೆ ಮುಗಿಯಿತು.

ಒಂದು ಗಂಟೆಯ ಹೊತ್ತಿಗೆ ಹತ್ತಾರು ಜನರ ಮಾತು ಕೇಳಿಯಾಗಿತ್ತು. ಎಲ್ಲರೂ ಡೋರಿನ ಹತ್ತಿರ ಇದ್ದರು, ಎಲ್ಲರೂ ಎಲ್ಲರನ್ನೂ ಕಂಡಿದ್ದರು. ತೀರ್ಥಪ್ರಸಾದ್ ಜೀಪಿಗೆ ಒರಗಿ ನಿಂತು, ಯಾರೂ ಕೇಳದಂತೆ ತಮ್ಮ ಮನೆಮಾತು ಅರೆಭಾಷೆಗೆ ಜಾರಿದರು. “ಎಂಥ ಮಾಡ್ದು ಮೇಡಂ? ಇಲ್ಲಿ ಕಳ್ಳನೇ ಇಲ್ಲೆ.”

ಅಶ್ವಿತಾ ಭವನದ ಹಿಂದೆ ನೋಡುತ್ತಿದ್ದಳು. ಪಾಯಸದ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಿ, ನೀರು ತುಂಬಿದ ಹಂಡೆಯನ್ನು ಅಲ್ಲಿಡಬೇಕಿತ್ತು. ಒಬ್ಬಳು ಬಟ್ಟೆ ಸುತ್ತಿ ಸಿಂಬೆ ಮಾಡಿ ನೆತ್ತಿಗಿಟ್ಟುಕೊಂಡಳು. ಇನ್ನೊಬ್ಬಳು ಹಂಡೆಗೆ ಕೈಕೊಟ್ಟು ಅವಳ ತಲೆಗೆ ಏರಿಸಿ, ಸೆರಗಿಗೆ ಕೈ ಒರೆಸಿಕೊಂಡು ತನ್ನ ಪಾಡಿಗೆ ಹೋದಳು. ಹಂಡೆ ಹೊತ್ತವಳು ಕೈಬಿಟ್ಟು, ಪಕ್ಕದವರೊಡನೆ ಮಾತಾಡುತ್ತಲೇ ನಡೆದಳು.

ಎತ್ತುವುದಕ್ಕೆ ಇಬ್ಬರು ಬೇಕು. ಹೊರುವುದಕ್ಕೆ ಒಬ್ಬರು ಸಾಕು.

“ತೀರ್ಥಣ್ಣ, ಎಲ್ರನ್ನೂ ಡೋರಿನ ಹತ್ರ ನಿಲ್ಲಿಸಿ. ಬೆಳಿಗ್ಗೆ ಹೇಗೆ ನಿಂತಿದ್ರೋ ಹಾಗೇ.”

ಇದು ಹಾಡಿಯವರಿಗೆ ಬಹಳ ಇಷ್ಟವಾಯಿತು. ಇನ್ನೊಮ್ಮೆ ಕಾರ್ಯಕ್ರಮ ನಡೆಯುವುದೆಂದರೆ ಯಾರಿಗೆ ಬೇಡ. ಹೆಂಗಸರು ನೂಕಾಡಿ, ಜಗಳಾಡಿ, ‘ನೀನು ಇಲ್ಲಿರ್ಲಿಲ್ಲ, ಅಲ್ಲಿದ್ದೆ’ ಎಂದು ಒಬ್ಬರನ್ನೊಬ್ಬರು ಎಳೆದು ತಮ್ಮ ತಮ್ಮ ಜಾಗ ಹಿಡಿದರು. ಮತ್ತೆ ಹಾಡೂ ಶುರುವಾಯಿತು. ಶಿವಪ್ರಕಾಶ್ ಕೂಡ ತಾನು ನಿಂತಿದ್ದ ಮೂಲೆಗೆ ಹೋಗಿ ನಿಂತ. ಭುಜಕ್ಕೆ ಭುಜ ತಾಗಿಸಿದ ಅರ್ಧಚಂದ್ರ.

“ಚೋಮಜ್ಜಿ ಎಲ್ಲಿದ್ರು?” ಅಶ್ವಿತಾ ಕೇಳಿದಳು. ಬಂದಾಗಿನಿಂದ ಅಜ್ಜಿಯನ್ನು ಅವಳು ಚಿತ್ರದಲ್ಲಷ್ಟೇ ಕಂಡಿದ್ದಳು.

“ಇಲ್ಲೇ,” ಎಂದು ಎಷ್ಟೋ ಬಾಯಿ ಒಟ್ಟಿಗೆ ಹೇಳಿದವು.

“ಇಲ್ಲೇ ಅಂದ್ರೆ ಯಾರ ಪಕ್ಕ?”

ಸುಮಿತಾ ಯಮುನಾಳ ಕಡೆ ನೋಡಿದಳು. ಯಮುನಾ ಇನ್ನೊಬ್ಬಳ ಕಡೆ ನೋಡಿದಳು. ಕೈಗಳು ಎದ್ದು ಒಂದು ದಿಕ್ಕಿಗೆ ತೋರಿಸಿ, ಅಲ್ಲಿ ಬೇರೆಯವಳು ನಿಂತಿರುವುದನ್ನು ಕಂಡು ಕೆಳಗಿಳಿದವು. ಇಡೀ ಅರ್ಧಚಂದ್ರದಲ್ಲಿ ಒಬ್ಬರು ನಿಲ್ಲುವಷ್ಟು ಸಂದು ಎಲ್ಲೂ ಇರಲಿಲ್ಲ.

“ಆದ್ರೆ ಇದ್ರು ಮೇಡಂ,” ಸುಮಿತಾ ಹೇಳಿದಳು. “ನಾನು ಅವರ ಮುಖ ನೋಡ್ತಾನೇ ಇದ್ದೆ.”

ಹೇಳಿ ಮುಗಿಸುವ ಮೊದಲೇ ಅವಳ ಕಣ್ಣು ಡೋರಿನ ಮೇಲಿನ ಚಿತ್ರಕ್ಕೆ ಹೋಯಿತು. ಎಲ್ಲರ ಕಣ್ಣೂ ಹೋಯಿತು. ಹಾಡು ನಿಂತಿತು.

ಈ ಮೌನ ಅಶ್ವಿತಾಳಿಗೆ ಗೊತ್ತಿರುವ ಮೌನಗಳಂಥದಲ್ಲ. ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ. ತಮ್ಮ ಕಣ್ಣೆದುರೇ ಇದ್ದ ಏನೋ ಒಂದು ತಮಗೆ ಕಂಡಿರಲಿಲ್ಲ ಎನ್ನುವುದು ಅಷ್ಟೂ ಜನರಿಗೆ ಒಂದೇ ಗಳಿಗೆಯಲ್ಲಿ ತಿಳಿದಿತ್ತು.

ಅವಳು ಕಲ್ಲಿನ ಮೇಲೆ ಕೂತಿದ್ದ ಮಲ್ಲನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತಳು.

“ಬೆಳಿಗ್ಗೆ ಯಾರ ತಲೆಗಾದ್ರೂ ಪೆಟ್ಟಿಗೆ ಏರಿಸಿಕೊಟ್ರಾ?”

“ಕೊಟ್ಟೆ. ಅಕ್ಕ ಬಂದು ಒಂದು ಕೈಹಾಕು ಅಂದ್ಲು.”

“ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಅವರು ಕಳ್ಳನ್ನ ನೋಡಿದ್ಯಾ ಅಂತ ಕೇಳಿದ್ರು. ನಾನು ಅಕ್ಕನ್ನ ನೋಡಿದ್ದು.”

ಚೋಮಜ್ಜಿಯ ಮನೆ ಹಾಡಿಯ ಕೊನೆಯಲ್ಲಿತ್ತು. ಅಲ್ಲಿಂದಾಚೆ ಆನೆ ಕಂದಕ, ಕಂದಕದಾಚೆ ಕಾಡು. ಅಂಗಳದಲ್ಲಿ ಅಜ್ಜಿ ಕಪ್ಪು ಕಂಬಳಿ ಹೊದಿಸಿದ ಏನೋ ಒಂದರ ಮೇಲೆ ಎತ್ತರವಾಗಿ ಕುಳಿತು, ಮೊರದಲ್ಲಿದ್ದ ಜೇನುಮೇಣವನ್ನು ಹಿಸುಕಿ ಉಂಡೆ ಕಟ್ಟುತ್ತಿದ್ದರು. ಚಿತ್ರದಲ್ಲಿದ್ದದ್ದಕ್ಕಿಂತ ಮುಖ ಚಿಕ್ಕದು, ಕಣ್ಣು ಹರಿತ. ತೀರ್ಥಪ್ರಸಾದರನ್ನು ಬೇಲಿಯ ಹೊರಗೆ ನಿಲ್ಲಲು ಹೇಳಿ ಅಶ್ವಿತಾ ಒಬ್ಬಳೇ ಒಳಗೆ ಹೋದಳು.

“ಕೂತ್ಕೋ ಮಗಾ. ನಾನು ಏಳೋಕಾಗಲ್ಲ,” ಎಂದರು ಅಜ್ಜಿ.

“ಮಂಡಿನೋವಾ ಅಜ್ಜಿ?”

“ಮಂಡಿ ಚೆನ್ನಾಗುಂಟು. ಎದ್ರೆ ನಿನಗೆ ಪೆಟ್ಟಿಗೆ ಕಾಣ್ತದೆ.”

ಅಶ್ವಿತಾಳಿಗೆ ನಗು ಬಂತು. ಅವಳು ನೆಲದ ಮೇಲೆ ಕುಳಿತಳು. ಕೇಳಬೇಕಾದದ್ದನ್ನು ಕೇಳಿದಳು: ಯಾಕೆ. ಆಮೇಲೆ ಸುಮ್ಮನಾದಳು.

ಚೋಮಜ್ಜಿಯೂ ಸುಮ್ಮನಾದರು. ಅವಳ ಮೌನವನ್ನು ತುಂಬುವ ಯಾವ ಅವಸರವೂ ಅವರಿಗಿರಲಿಲ್ಲ. ಒಂದು ಉಂಡೆ ಕಟ್ಟಿ ಪಕ್ಕಕ್ಕಿಟ್ಟರು, ಇನ್ನೊಂದಕ್ಕೆ ಕೈಹಾಕಿದರು. ಕಂದಕದಾಚೆ ಯಾವುದೋ ಹಕ್ಕಿ ಒಂದೇ ಸ್ವರವನ್ನು ಮತ್ತೆ ಮತ್ತೆ ಕೂಗಿ ನಿಲ್ಲಿಸಿತು. ತರಬೇತಿಯವರು ಈ ಅಜ್ಜಿಯನ್ನು ಕಂಡಿರಲಿಲ್ಲ ಎಂದುಕೊಂಡ ಅಶ್ವಿತಾ, ಈ ಮೌನದ ಆಟದಲ್ಲಿ ಸೋಲಲು ತನಗೆ ಇಷ್ಟವಿದೆ ಎನ್ನುವುದನ್ನು ಕಂಡು ಆಶ್ಚರ್ಯಪಟ್ಟಳು. ಮೊರಕ್ಕೆ ಕೈಹಾಕಿ ಅವಳೂ ಒಂದು ತುಂಡು ಮೇಣ ತೆಗೆದುಕೊಂಡು ಹಿಸುಕತೊಡಗಿದಳು. ಉಂಡೆ ಸೊಟ್ಟಗಾಯಿತು.

“ಹಾಗಲ್ಲ. ಅಂಗೈಲಿ ಒತ್ತು,” ಎಂದರು ಅಜ್ಜಿ. ಅಲ್ಲಿಂದ ಮಾತು ಹೊರಟಿತು.

“ಚಿಕ್ಕೋಳಿದ್ದಾಗಿಂದ ಜೇನು ತಂದೆ. ಮೊದಲು ಅಪ್ಪನ ಜೊತೆ, ಆಮೇಲೆ ಗಂಡನ ಜೊತೆ. ಗೋಣಿಕೊಪ್ಪದವನ ಜೀಪು ಬರ್ತಿತ್ತು, ತುಂಬ್ಕೊಂಡು ಹೋಗ್ತಿತ್ತು. ಧೂಳು ಅಡಗೋವರೆಗೆ ನಿಂತು ನೋಡ್ತಿದ್ದೆ. ಎಲ್ಲಿಗೆ ಹೋಗ್ತದೆ, ಯಾರು ತಿಂತಾರೆ, ತಿಂದು ಎಂಥ ಹೇಳ್ತಾರೆ? ಅವನನ್ನ ಕೇಳಿದ್ರೆ ನಗ್ತಿದ್ದ. ನಮ್ಮದೇ ಗಾಡಿ ಬಂದ್ರೆ ಮುಂದೆ ಕೂತ್ಕೊಂಡು ಹೋಗಿ ನೋಡ್ಬೇಕು ಅಂತ ಇತ್ತು.”

“ಸುಮಿತಾಗೆ ಹೇಳಿದ್ರಾ?”

“ಹೇಗೆ ಹೇಳೋದು? ಮೀಟಿಂಗಲ್ಲಿ ಪೆಟ್ಟಿಗೆ ಬೇಕು ಅಂತ ಎಲ್ರೂ ಕೈಯೆತ್ತಿದ್ರು. ನಾನು ಅಧ್ಯಕ್ಷೆ. ನನಗೊಂದು ಸೀಟು ಬೇಕು ಅಂತ ನಾನೇ ಕೇಳ್ಲಾ? ನಾನೂ ಕೈಯೆತ್ತಿದೆ.” ಮೇಣವನ್ನು ಗಟ್ಟಿಯಾಗಿ ಒತ್ತಿದರು. “ಅದೂ ಹೋಗ್ಲಿ ಅಂದ್ಕೊಂಡಿದ್ದೆ. ಇವತ್ತು ಬಟ್ಟೆ ತೆಗೆದ್ರು. ನೋಡ್ತೀನಿ, ನನ್ನ ಫೋಟೋ. ಫೋಟೋಕ್ಕೆ ಹಾರ. ನೀನೇ ಹೇಳು ಮಗಾ, ಹಾರ ಹಾಕಿದ ಫೋಟೋ ಯಾರದ್ದು ಇರ್ತದೆ?”

ಠಾಣೆಯ ಗೋಡೆಯಿಂದ ಹಿಡಿದು ಮೂರ್ನಾಡಿನ ಮನೆಯ ನಡುಕೋಣೆಯವರೆಗೆ ಕಂಡ ಹಾರದ ಚಿತ್ರಗಳೆಲ್ಲ ಅಶ್ವಿತಾಳಿಗೆ ನೆನಪಾದವು.

“ಹಿಂದೆ ನನ್ನ ತಿಥಿ ಮಾಡಿದ್ದಾರೆ, ಮುಂದೆ ನನ್ನ ಜಾಗಕ್ಕೆ ಕಬ್ಬಿಣ ತಂದಿದ್ದಾರೆ. ಚಪ್ಪಾಳೆ ಬೇರೆ. ನಾನು ಪಕ್ಕದಿಂದ ಸರಿದು ಬಂದೆ, ಒಬ್ಬಳಾದ್ರೂ ತಿರುಗಿ ನೋಡ್ಲಿಲ್ಲ. ಬೋಲ್ಟ್ ಬಿಗಿ ಮಾಡೋವರೆಗೆ ಏನು ಬೇಕಾದ್ರೂ ಬದಲಾಯಿಸ್ಬಹುದು ಅಂತ ಆ ಸ್ಪಾನರ್ ಹುಡುಗ ಬೆಳಿಗ್ಗೆ ಎಲ್ರಿಗೂ ಹೇಳ್ತಿದ್ದ. ಅಲ್ಲೇ ನನಗೆ ಬುದ್ಧಿ ಹೊಳೆದದ್ದು. ಬಿಗಿ ಮಾಡೋಕೇ ಬಿಡಬಾರದು.”

“ಗಾಡಿ ವಾಪಸ್ ಹೋಗ್ತದೆ ಅಂತ ಗೊತ್ತಿತ್ತಾ?”

ಅಜ್ಜಿಯ ಕೈ ನಿಂತಿತು. “ವಾಪಸ್ಸಾ?”

“ನಾಲ್ಕು ಗಂಟೆಗೆ.”

“ಅದು ಗೊತ್ತಿರ್ಲಿಲ್ಲ,” ಎಂದು ಚೋಮಜ್ಜಿ ಎದ್ದು ನಿಂತರು. ಕಂಬಳಿ ಜಾರಿತು. ಬೂದುಬಣ್ಣದ ಹೊಸ ಪೆಟ್ಟಿಗೆ ಬಿಸಿಲಿಗೆ ಮಿಂಚಿತು. “ತಗೊಂಡು ಹೋಗು. ಬೇಗ ತಗೊಂಡು ಹೋಗು. ನಾನು ಇಲ್ಲೇ ಇರ್ತೀನಿ, ಗಾಡಿ ಹೋಗ್ಲಿ.”

ಅಷ್ಟರಲ್ಲಿ ಬೇಲಿಯ ಹೊರಗೆ ಇಡೀ ಹಾಡಿ ಬಂದು ನಿಂತಿತ್ತು. ಸುಮಿತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದವಳಿಗೆ ಅಳು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ.

“ಅಜ್ಜಿ, ಬಸ್ಸು ಹತ್ತಿದ್ರೆ ನಿಮಗೆ ವಾಂತಿ ಆಗ್ತದೆ ಅಂತ ನಾವು…”

“ಆದ್ದು ಒಂದೇ ಸಲ. ಅದೂ ನಿನ್ನ ಮದುವೆ ಬಸ್ಸಲ್ಲಿ, ನಿನ್ನ ಅತ್ತೆ ಸಾರು ತಿಂದು.”

ನಗು ಬೇಲಿಯುದ್ದಕ್ಕೂ ಹರಿಯಿತು. ಸುಮಿತಾಳೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. “ಆ ಹಾರ ನಾನು ಹೇಳಿದ್ದಲ್ಲ ಅಜ್ಜಿ. ಸ್ಟಿಕ್ಕರ್ ಅಂಗಡಿಯವನ ಹತ್ರ ಅದೇ ಒಂದು ಮಾದರಿ ಇದ್ದದ್ದು. ಹೂವು ಚೆನ್ನಾಗುಂಟು ಅಂತ ಹೂಂ ಅಂದೆ.”

“ಹೂವು ಚೆನ್ನಾಗೇ ಉಂಟು. ಇನ್ನೊಂದು ಇಪ್ಪತ್ತು ವರ್ಷ ಬಿಟ್ಟು ಅಂಟಿಸು.”

ಶಿವಪ್ರಕಾಶ್ ಬೆವರೊರೆಸಿಕೊಂಡು ಪೆಟ್ಟಿಗೆಯತ್ತ ಬಂದ. “ಸಿಕ್ಕಿತಲ್ಲ ಮೇಡಂ. ಕೇಸು ಬೇಡ, ವಾಪಸ್ ತಗೋತೀನಿ. ಆನಂದಾ, ಎತ್ತು. ಕೂರಿಸಿಬಿಡೋಣ.”

“ಮುಟ್ಟಬೇಡಿ,” ಎಂದಳು ಅಶ್ವಿತಾ.

ಎಲ್ಲರೂ ಅವಳತ್ತ ತಿರುಗಿದರು.

“ಎಫ್‌ಐಆರ್ ಬೇಕೇ ಬೇಕು ಅಂದಿರಿ, ಆಗಿದೆ. ಈಗ ಇದು ಕೇಸಿನ ಸೊತ್ತು. ತೀರ್ಥಣ್ಣ, ಪಂಚರನ್ನ ಕರೀರಿ. ಪೆಟ್ಟಿಗೆ ಜಪ್ತಿ ಮಾಡ್ಕೊಳ್ಳಿ.”

ತೀರ್ಥಪ್ರಸಾದ್ ಒಂದು ಕ್ಷಣ ಅವಳ ಮುಖ ನೋಡಿದರು. ಹದಿನೆಂಟು ವರ್ಷದ ಸರ್ವೀಸಿನ ಮನುಷ್ಯ. ಅರ್ಥವಾಗಲು ಅಷ್ಟೇ ಸಾಕಾಯಿತು. ಅವರು ಗಂಟಲು ಸರಿಮಾಡಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವ ದನಿ ತೆಗೆದರು.

“ಕೋರ್ಟ್ ಬಿಡೋವರೆಗೆ ಪೆಟ್ಟಿಗೆ ಠಾಣೇಲೇ ಇರ್ಬೇಕು. ಕಾನೂನು. ಯಾರೂ ಏನೂ ಮಾಡೋ ಹಾಗಿಲ್ಲ.”

“ಹಾಗಾದ್ರೆ ನಾನು ಗಾಡಿ ಹೇಗೆ ಒಪ್ಪಿಸ್ಲಿ ಸಾರ್? ಎಡಗಡೆ ಖಾಲಿ ಬಿಟ್ಟು ಕೊಡೋ ಹಾಗಿಲ್ಲ.”

“ವ್ಯಾನಲ್ಲಿ ಬೇರೆ ಏನಿದೆ?” ಅಶ್ವಿತಾ ಕೇಳಿದಳು.

ಶಿವಪ್ರಕಾಶ್ ಉತ್ತರಿಸುವ ಮೊದಲೇ ಆನಂದ್ ಹೇಳಿದ: “ಗಿರಾಕಿಗಳಿಗೆ ತೋರಿಸೋಕೆ ಅಂತ ಒಂದು ಸೀಟು ಇದ್ದೇ ಇದೆ ಮೇಡಂ. ನಾಲ್ಕು ಬೋಲ್ಟು.”

ಸುಮಿತಾ ಅಲ್ಲೇ, ಅಂಗಳದಲ್ಲೇ, ಸಂಘದ ತುರ್ತು ಸಭೆ ಕರೆದಳು. ಪೆಟ್ಟಿಗೆಯ ಬದಲು ಸೀಟು ಆಗಬಹುದು ಎನ್ನುವವರು ಕೈಯೆತ್ತಬೇಕೆಂದಳು. ಸದಸ್ಯೆಯರೆಲ್ಲ ಎತ್ತಿದರು. ಸದಸ್ಯನಲ್ಲದ ಮಲ್ಲ ಎರಡು ಕೈ ಎತ್ತಿದ. ಚೋಮಜ್ಜಿ ಮಾತ್ರ ಮೇಣ ಮೆತ್ತಿದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಈ ಸಲ ಎಲ್ಲರೂ ಅವರನ್ನೇ ನೋಡುತ್ತಿದ್ದರು. ತುಂಬ ಹೊತ್ತು ಕಾಯಬೇಕಾಯಿತು. ಕೊನೆಗೆ ಕೈ ಎದ್ದಿತು, ಕಿವಿಯ ಎತ್ತರಕ್ಕೆ.

ಆನಂದ್ ಸೀಟು ಕೂರಿಸಿದ. ಡೋರಿನ ಚಿತ್ರದಿಂದ ಹಾರವನ್ನಷ್ಟೇ ಬ್ಲೇಡಿನಲ್ಲಿ ಕೆರೆದು ತೆಗೆಯಲು ಹೋದವನನ್ನು ಅಜ್ಜಿ ತಡೆದರು. “ಪೂರ್ತಿ ತೆಗಿ. ನನ್ನ ಮುಖ ನೋಡ್ಬೇಕಾದವರು ಮುಂದೆ ಬಂದು ನೋಡ್ಲಿ.”

ಮಧ್ಯಾಹ್ನ 2.50ಕ್ಕೆ ಗಾಡಿ ಒಪ್ಪಿಸುವ ಶಾಸ್ತ್ರ ಮುಗಿಯಿತು. ಇನ್ನು ಉಳಿದದ್ದು ಪೊಲೀಸರ ಶಾಸ್ತ್ರ.

“ಅಜ್ಜಿ, ನಿಮ್ಮನ್ನ ವಶಕ್ಕೆ ತಗೋಬೇಕು,” ಎಂದಳು ಅಶ್ವಿತಾ. “ಠಾಣೆಗೆ ಬಂದು ಹೇಳಿಕೆ ಕೊಡ್ಬೇಕು. 303ರ ಎರಡನೇ ಉಪಕಲಂ.”

“ಬರ್ತೀನಿ. ನಿನ್ನ ಜೀಪಲ್ಲಿ ಎಲ್ಲಿ ಕೂರಿಸ್ತೀಯ?”

“ಹಿಂದೆ. ಆರೋಪಿಗಳು ಹಿಂದೆಯೇ.”

“ಹಾಗಾದ್ರೆ ಬರಲ್ಲ.”

ತೀರ್ಥಪ್ರಸಾದ್ ಕೆಮ್ಮಿದರು. ಯಮುನಾ ಆಗಲೇ ಪಿಕಪ್ಪಿನ ಸ್ಟಿಯರಿಂಗ್ ಹಿಂದೆ ಏರಿ ಕೂತು, ಎಡಬಾಗಿಲನ್ನು ಒಳಗಿನಿಂದ ತಳ್ಳಿ ತೆರೆದಿದ್ದಳು.

ಹೀಗೆ ಆ ಪಿಕಪ್ಪಿನ ಮೊದಲ ಪ್ರಯಾಣ ಪೊಲೀಸ್ ಠಾಣೆಗಾಯಿತು. ಮುಂದೆ ಪಿಕಪ್, ಎಡಗಡೆಯ ಸೀಟಿನಲ್ಲಿ ಬಂಧಿತೆ. ಹಿಂದೆ ಪೊಲೀಸ್ ಜೀಪು, ಅದರ ಹಿಂದಿನ ಸೀಟಿನಲ್ಲಿ ಆರೋಪಿಗಳು ಕೂರುವ ಜಾಗದಲ್ಲಿ ಜಪ್ತಿಯಾದ ಪೆಟ್ಟಿಗೆ ಮತ್ತು ಅದರ ಮೇಲೆ ಕೈಯಿಟ್ಟ ಶಿವಪ್ರಕಾಶ್. ಹಾಡಿಯವರು ಪಾಯಸದ ಪಾತ್ರೆ ಹೊತ್ತು ಅಡ್ಡದಾರಿಯಲ್ಲಿ ನಡೆದು ಇವರಿಗಿಂತ ಮೊದಲೇ ಠಾಣೆ ತಲುಪಿದ್ದರು, ಯಾಕೆಂದರೆ ಅಜ್ಜಿ ಪೇಟೆಬೀದಿಯನ್ನು ಎರಡು ಸುತ್ತು ಹಾಕಿಸಿದ್ದರು. ಬಂಧಿತೆಯನ್ನು ಹಿಂಬಾಲಿಸುವ ಕರ್ತವ್ಯದಲ್ಲಿದ್ದ ಜೀಪೂ ಎರಡು ಸುತ್ತು ಹಾಕಬೇಕಾಯಿತು.

ಠಾಣೆಯ ಅಂಗಳದಲ್ಲಿ ಚೋಮಜ್ಜಿ ಇಳಿಯಲಿಲ್ಲ. ಹೇಳಿಕೆಯನ್ನು ಅಶ್ವಿತಾ ಪಿಕಪ್ಪಿನ ಕಿಟಕಿಯ ಹೊರಗೆ ನಿಂತು ಬರೆದುಕೊಂಡಳು. ಪ್ರಶ್ನೆಗಳು ಕಡಿಮೆ, ಉತ್ತರಗಳು ಅದಕ್ಕಿಂತ ಕಡಿಮೆ. ಕದ್ದು ಲಾಭ ಮಾಡಿಕೊಳ್ಳುವ ಉದ್ದೇಶ ಇರಲಿಲ್ಲವೆಂದೂ, ದೂರುದಾರರಿಗೆ ಯಾವ ತಕರಾರೂ ಇಲ್ಲವೆಂದೂ ದಾಖಲಾಯಿತು. 4.15ಕ್ಕೆ ಅಜ್ಜಿಯನ್ನು ಠಾಣಾ ಜಾಮೀನಿನ ಮೇಲೆ ಬಿಡಲಾಯಿತು. ಜಾಮೀನು ನಿಂತವಳು ಸುಮಿತಾ. ಜೂನ್ ಕೊನೆಯಲ್ಲಿ ಬಿ ರಿಪೋರ್ಟ್ ಹಾಕಿ ಪ್ರಕರಣ ಮುಗಿಸಲಾಯಿತು. ಬಿಡುಗಡೆಯಾದ ಪೆಟ್ಟಿಗೆಯನ್ನು ಕಂಪನಿಯವರು ಸಂಘಕ್ಕೇ ಕೊಟ್ಟರು, ಈಗ ಅದು ಭವನದ ಮೂಲೆಯಲ್ಲಿದೆ.

ಆದರೆ ಅದೆಲ್ಲ ಆಮೇಲಿನದು. ಮಾರನೆಯ ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಸರಿದಿರಲಿಲ್ಲ. ಅಶ್ವಿತಾ ಮತ್ತು ತೀರ್ಥಪ್ರಸಾದ್ ಹುಣಸೂರು ರಸ್ತೆಯಲ್ಲಿ ವಾಹನ ತಪಾಸಣೆಗೆ ನಿಂತಿದ್ದರು. ತಪಾಸಣೆ ಅಲ್ಲೇ, ಆ ಹೊತ್ತಿಗೇ ಯಾಕೆ ಎಂದು ತೀರ್ಥಪ್ರಸಾದ್ ಕೇಳಿರಲಿಲ್ಲ. ಬಿಳಿ ಪಿಕಪ್ ತಿರುವಿನಲ್ಲಿ ಕಾಣಿಸಿತು, ಬೆನ್ನ ತುಂಬ ಜೇನಿನ ಡಬ್ಬ. ಯಮುನಾ ಹಾರ್ನ್ ಹೊಡೆದಳು. ತೀರ್ಥಪ್ರಸಾದ್ ನೇರ ನಿಂತು ಮಂತ್ರಿಗಳಿಗೆ ಹೊಡೆಯುವಂಥ ಸೆಲ್ಯೂಟ್ ಹೊಡೆದರು.

ಚೋಮಜ್ಜಿ ನೋಡಲಿಲ್ಲ. ಎರಡೂ ಅಂಗೈಗಳನ್ನು ಮುಂದಿನ ಗಾಜಿನ ಕೆಳಗೆ ಊರಿ, ಸೀಟಿನ ತುದಿಗೆ ಸರಿದು ಕುಳಿತಿದ್ದರು. ಮಂಜು ಒಂದೊಂದೇ ಮಾರು ಬಿಟ್ಟುಕೊಡುತ್ತಿದ್ದ ರಸ್ತೆಯ ಮೇಲಿಂದ ಅವರ ಕಣ್ಣು ಕದಲಲಿಲ್ಲ.

“ನಮ್ಮನ್ನ ಕಾಣ್ಲೇ ಇಲ್ಲ ಮೇಡಂ,” ಎಂದರು ತೀರ್ಥಪ್ರಸಾದ್, ಕೈ ಇಳಿಸುತ್ತ.

“ಅವರಿಗೆ ಕೆಲಸವಿದೆ ತೀರ್ಥಣ್ಣ,” ಎಂದಳು ಅಶ್ವಿತಾ. ಪಿಕಪ್ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಅಲ್ಲೇ ನಿಂತಿದ್ದಳು, ಧೂಳು ಅಡಗುವವರೆಗಷ್ಟೇ ಅಲ್ಲ, ಇಂಜಿನ್ನಿನ ಸದ್ದು ಕಾಡಿನಲ್ಲಿ ಕರಗುವವರೆಗೂ.